ಜಿಮ್ ತನ್ನ ಕಥೆ ತಾನೇ ಹೇಳಬಾರದೇ, ಮೇಷ್ಟ್ರೇ?

ಪ್ರಿಯ ಮೇಷ್ಟ್ರೇ,

ನಿಮ್ಮ ನಾಲ್ಕು ಪುಟದ ಕಾಗದ ತಲುಪಿತು. ಕಳೆದ ಸಂಚಿಕೆಯಲ್ಲಿ ಪರ್ಸಿವಲ್ ಎವರೆಟ್ ಅವರ ‘ಜೇಮ್ಸ್’ ಕಾದಂಬರಿಯನ್ನು ನಾವು ಪರಿಚಯಿಸಿದ್ದು ನಿಮಗೆ ಬೇಸರ ತಂದಿದೆ. ಮಾರ್ಕ್ ಟ್ವೇನ್ ಅವರ ‘ಹಕಲ್‌ಬೆರಿ ಫಿನ್’ ಕಥೆಯನ್ನು ಗುಲಾಮ ಜಿಮ್‌ನ ಬಾಯಲ್ಲೇ ಹೇಳಿಸುವ ಪುಸ್ತಕ ಅದು. ‘ಜಿಮ್‌ನನ್ನು ನಾವು ಪ್ರೀತಿಸೋ ಹಾಗೆ ಟ್ವೇನ್ ಆಗಲೇ ಬರೆದಾಗಿದೆ. ಕಟ್ಟಿ ಮುಗಿದ ಮನೆಯ ಗೋಡೆ ಒಡೆಯೋದು ಯಾಕೆ?’ ಅಂತ ಕೇಳಿದ್ದೀರಿ. ಮೂವತ್ತು ವರ್ಷ ಆ ಕಾದಂಬರಿಯನ್ನು ಪಾಠ ಮಾಡಿದವರಿಗೆ ಎರಡು ಸಾಲಿನ ಉತ್ತರ ಕೊಡಲು ಮನಸ್ಸಾಗಲಿಲ್ಲ.

ನೀವು ನೆನಪಿಸಿದ 23ನೇ ಅಧ್ಯಾಯ ಅಂದರೆ ನನಗೂ ಪ್ರಾಣ. ಜಿಮ್ ತನ್ನ ನಾಲ್ಕು ವರ್ಷದ ಮಗಳಿಗೆ ಬಾಗಿಲು ಹಾಕು ಅನ್ನುತ್ತಾನೆ. ಅವಳು ನಗುತ್ತಾ ನಿಂತೇ ಇರುತ್ತಾಳೆ. ಸಿಟ್ಟು ಬಂದು ಹೊಡೆಯುತ್ತಾನೆ. ಆಮೇಲೆ ಗಾಳಿಗೆ ಬಾಗಿಲು ಧಡಾರನೆ ಬಡಿದರೂ ಮಗು ಅಲುಗಾಡುವುದಿಲ್ಲ. ಜ್ವರದಲ್ಲಿ ಅವಳ ಕಿವಿ ಹೋಗಿದೆ ಅಂತ ಅಪ್ಪನಿಗೆ ತಿಳಿಯುವುದು ಆಗಲೇ. ಇದನ್ನು ಬರೆದವರನ್ನು ಕೀಳಾಗಿ ಕಾಣಲು ಯಾರಿಂದ ಸಾಧ್ಯ?

ಆದರೆ ಈ ಮಾತು ನಮಗೆ ಸಿಕ್ಕಿದ್ದು ಟ್ವೇನ್‌ರ ಕಾದಂಬರಿಯಲ್ಲಿ ಕಥೆ ಹೇಳುವ ಹಕ್‌ನ ಮೂಲಕ. ಅವನು ಬಿಳಿಯರ ಹುಡುಗ. ಅವನೆದುರು ಜಿಮ್ ಎಷ್ಟು ಬಾಯಿಬಿಟ್ಟನೋ ಅಷ್ಟೇ ನಮ್ಮ ಪಾಲಿಗೆ ಬಂದದ್ದು.

ಈ ಮಿತಿ ಟ್ವೇನ್‌ಗೂ ಗೊತ್ತಿತ್ತು ಅಂತ ನಾನು ನಂಬುತ್ತೇನೆ. ‘ಹಕಲ್‌ಬೆರಿ ಫಿನ್’ ಬರುವುದಕ್ಕೆ ಹತ್ತು ವರ್ಷ ಮೊದಲು, 1874ರಲ್ಲಿ, ಅವರು ‘ಎ ಟ್ರೂ ಸ್ಟೋರಿ’ ಅನ್ನುವ ಪುಟ್ಟ ಕಥೆ ಬರೆದರು. ಎಲ್ಮೈರಾದ ತೋಟದ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ಮೇರಿ ಆನ್ ಕಾರ್ಡ್ ಹೇಳಿದ್ದನ್ನು ಆಧರಿಸಿದ ಕಥೆ ಅದು. ಆಕೆ ಹಿಂದೆ ಗುಲಾಮಳಾಗಿದ್ದವಳು. ಕಥೆಯಲ್ಲಿ ಸದಾ ನಗುವ ಅಡುಗೆಯವಳನ್ನು ಯಜಮಾನ ಕೇಳುತ್ತಾನೆ: ಇಷ್ಟು ವರ್ಷ ಬದುಕಿಯೂ ನಿನಗೆ ಕಷ್ಟ ಅನ್ನೋದೇ ಬರಲಿಲ್ಲವಲ್ಲ, ಹೇಗೆ? ಅವಳ ನಗು ನಿಲ್ಲುತ್ತದೆ. ತನ್ನ ಗಂಡನನ್ನೂ ಏಳು ಮಕ್ಕಳನ್ನೂ ಹರಾಜಿನಲ್ಲಿ ಮಾರಿದ್ದನ್ನು ಹೇಳತೊಡಗುತ್ತಾಳೆ. ಯಜಮಾನ ಮತ್ತೆ ಬಾಯಿ ಹಾಕುವುದಿಲ್ಲ. ಎವರೆಟ್ ಹಿಡಿದಿರುವುದೂ ಇದೇ ದಾರಿ ಅಲ್ವಾ ಮೇಷ್ಟ್ರೇ?

‘ಗುಲಾಮರು ತಮ್ಮತಮ್ಮಲ್ಲಿ ಒಳ್ಳೆ ಇಂಗ್ಲಿಷ್ ಆಡಿ, ಬಿಳಿಯರ ಮುಂದೆ ಮಾತ್ರ ಒಡಕು ಭಾಷೆ ಆಡ್ತಾರೆ ಅಂದರೆ ನಂಬೋಕಾಗಲ್ಲ’ ಅಂದಿದ್ದೀರಿ. ಎವರೆಟ್‌ರ ಕಾದಂಬರಿಯಲ್ಲಿ ಜಿಮ್ ಮಕ್ಕಳಿಗೆ ಇದನ್ನೇ ಪಾಠ ಹೇಳುತ್ತಾನೆ. ಒಡತಿಯ ಅಡುಗೆಮನೆಗೆ ಬೆಂಕಿ ಬಿದ್ದರೆ ‘ಬೆಂಕಿ’ ಅಂತ ಕೂಗಬಾರದು. ‘ಅಯ್ಯೋ ಅಮ್ಮಾ, ಅಲ್ಲಿ ನೋಡಿ’ ಅನ್ನುವ ಧಾಟಿಯಲ್ಲಿ ಹೇಳಬೇಕು. ಬೆಂಕಿಯ ಹೆಸರು ಮೊದಲು ಅವಳ ಬಾಯಿಂದಲೇ ಬರಬೇಕು. ಓದಿ ಮೈ ಜುಮ್ಮೆಂದಿತು. ನಮ್ಮೂರಲ್ಲಿ ಗದ್ದೆ ಬದುವಿನ ಮೇಲೆ ಗಟ್ಟಿಯಾಗಿ ಮಾತಾಡುತ್ತಿದ್ದ ಆಳು, ದಣಿಯ ಅಂಗಳಕ್ಕೆ ಬಂದ ಕೂಡಲೇ ಏನೂ ತಿಳಿಯದವನ ಹಾಗೆ ತಲೆ ಕೆರೆದುಕೊಂಡು ನಿಂತದ್ದನ್ನು ನಾನು ನೋಡಿದ್ದೇನೆ. ಅಲ್ಲಿನ ಗುಲಾಮಗಿರಿ ಬೇರೆ, ಇಲ್ಲಿಯದು ಬೇರೆ. ಆದರೂ ಎರಡು ನಾಲಿಗೆ ಇಟ್ಟುಕೊಂಡು ಬದುಕೋದು ನನಗೆ ಕಟ್ಟುಕಥೆ ಅನ್ನಿಸಲಿಲ್ಲ.

ಇನ್ನು, ಗುಲಾಮ ಓದು ಬರಹ ಕಲಿತದ್ದು ಎಲ್ಲಿ ಅನ್ನುವ ಪ್ರಶ್ನೆ. ಈ ಕಥೆ ಶುರುವಾಗುವ ಮಿಸೌರಿಯಲ್ಲಿ, 1847ರಲ್ಲಿ, ಕರಿಯರಿಗೆ ಅಕ್ಷರ ಕಲಿಸುವುದನ್ನೇ ನಿಷೇಧಿಸಿ ಕಾನೂನು ಮಾಡಿದರು. ಯಾರೂ ಕಲಿಯುತ್ತಿರಲಿಲ್ಲ ಅಂದಿದ್ದರೆ ಆ ಕಾನೂನು ಯಾಕೆ ಬೇಕಿತ್ತು? ಅದೇ ವರ್ಷ ವಿಲಿಯಂ ವೆಲ್ಸ್ ಬ್ರೌನ್ ತಮ್ಮ ಆತ್ಮಕಥೆ ಪ್ರಕಟಿಸಿದರು. ಸೇಂಟ್ ಲೂಯಿಸ್‌ನಲ್ಲಿ ಗುಲಾಮರಾಗಿದ್ದವರು, ಹಕ್ ಮತ್ತು ಜಿಮ್ ತೆಪ್ಪದಲ್ಲಿ ಸಾಗುವ ಇದೇ ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ ದುಡಿದವರು. ತಾಯಿಯ ಜೊತೆ ಓಡಿಹೋಗಿ, ಇಲಿನಾಯ್‌ನಲ್ಲಿ ಇಬ್ಬರೂ ಸಿಕ್ಕಿಬಿದ್ದರು. ತಾಯಿಯನ್ನು ನ್ಯೂ ಆರ್ಲಿಯನ್ಸ್ ಕಡೆಗೆ ಮಾರಿಬಿಟ್ಟರು. ಜಿಮ್ 800 ಡಾಲರಿಗೆ ಮಾರಾಟವಾಗುವ ಭಯದಲ್ಲಿ ಓಡಿಹೋದದ್ದೂ ಆ ಊರಿನ ಹೆಸರು ಕೇಳಿಯೇ. ‘ಜೇಮ್ಸ್’ನಲ್ಲಿ ಒಬ್ಬ ಗುಲಾಮ ಜಿಮ್‌ಗಾಗಿ ಒಂದು ಮೋಟು ಪೆನ್ಸಿಲ್ ಕದ್ದು ತಂದುಕೊಡುತ್ತಾನೆ. ಅದಕ್ಕಾಗಿ ಜೀವವನ್ನೇ ತೆರುತ್ತಾನೆ. ಆ ಪುಟ ಓದಿ ಎರಡು ದಿನ ನನಗೆ ಬೇರೆ ಏನೂ ಓದಲಾಗಲಿಲ್ಲ.

ಟ್ವೇನ್‌ರ ಕೊನೆಯ ಅಧ್ಯಾಯಗಳು ಬಂದಾಗ ಬೇಗ ಮುಗಿಸಿಬಿಡೋಣ ಅನ್ನಿಸುತ್ತಿತ್ತು ಅಂತ ನೀವೇ ಬರೆದಿದ್ದೀರಿ. ನನಗೂ ಹಾಗೇ. ಒಡತಿ ಸಾಯುವಾಗ ಜಿಮ್‌ಗೆ ಬಿಡುಗಡೆ ಬರೆದಿಟ್ಟಿದ್ದಾಳೆ. ಹಕ್‌ನ ಗೆಳೆಯ ಟಾಮ್ ಸಾಯರ್‌ಗೆ ಅದು ಗೊತ್ತು. ಆದರೂ ಸಾಹಸದ ಆಟಕ್ಕಾಗಿ ಜಿಮ್‌ನನ್ನು ಗುಡಿಸಲಲ್ಲಿ ಕೂಡಿಹಾಕಿದ್ದು ಹಾಗೇ ಇರಲಿ ಅಂತ ಬಿಡುತ್ತಾನೆ. ಹಾವು, ಇಲಿ, ಜೇಡಗಳನ್ನು ತಂದು ಒಳಗೆ ಬಿಡುತ್ತಾನೆ. ಕೊನೆಗೆ ಕೈಗೆ 40 ಡಾಲರ್ ಇಡುತ್ತಾನೆ. ಜಿಮ್‌ಗೆ ಖುಷಿಯೋ ಖುಷಿ ಅನ್ನುತ್ತಾನೆ ಹಕ್. ಅಲ್ಲಿ ನನಗೆ ಆ ಅಡುಗೆಯವಳ ನಗುವೇ ನೆನಪಾಗುತ್ತದೆ. ಎವರೆಟ್ ಈ ಆಟವನ್ನು ಪೂರ್ತಿ ಕೈಬಿಟ್ಟು ಜಿಮ್‌ನನ್ನು ಬೇರೆ ದಾರಿಗೆ ಕಳಿಸಿದ್ದಾರೆ. ಯಾವ ದಾರಿ ಅಂತ ಹೇಳಲಾರೆ, ನೀವೇ ಓದಬೇಕು.

2025ರ ಪುಲಿಟ್ಜರ್ ಬಂತು ಅಂತ ಈ ಪುಸ್ತಕವನ್ನು ಹೊಗಳಿದ್ದಲ್ಲ. ಆ ಪ್ರಶಸ್ತಿ ಬರದೇ ಇದ್ದರೂ ಪರಿಚಯ ಮಾಡುತ್ತಿದ್ದೆವು.

ಮೊಮ್ಮಗಳಿಗೆ ಯಾವುದನ್ನು ಮೊದಲು ಓದಿಸಲಿ ಅಂತ ಕೊನೆಯಲ್ಲಿ ಕೇಳಿದ್ದೀರಿ. ಟ್ವೇನ್‌ರದ್ದನ್ನೇ ಮೊದಲು ಓದಿಸಿ. ತೆಪ್ಪದ ಮೇಲೆ ರಾತ್ರಿ ಜಿಮ್ ಹೆಂಡತಿ ಮಕ್ಕಳನ್ನು ನೆನೆದು ಒಬ್ಬನೇ ನರಳುವ ಜಾಗ ಬರುತ್ತದಲ್ಲ, ಅಲ್ಲಿ ಸ್ವಲ್ಪ ನಿಲ್ಲಿಸಿ. ಅವನು ಇನ್ನೂ ಏನೇನು ಯೋಚಿಸುತ್ತಿರಬಹುದು ಅಂತ ಅವಳನ್ನು ಕೇಳಿ. ಅವಳು ಏನಂದಳು ಅಂತ ನಮಗೂ ಬರೆಯಿರಿ.

ಪ್ರೀತಿಯಿಂದ,
ಸಂಪಾದಕ