ಲ್ಯಾಪ್‌ಟಾಪಿನಲ್ಲಿ ಸ್ಯಾಟಲೈಟ್ ರೇಡಿಯೋ
ನಮಸ್ಕಾರ. ಅಪ್ಪನ ಹಳೇ ವರ್ಲ್ಡ್‌ಸ್ಪೇಸ್ ಸ್ಯಾಟಲೈಟ್ ರೇಡಿಯೋ ಪೆಟ್ಟಿಗೆ ಡೊಂಬಿವ್ಲಿ ಮನೆಯಲ್ಲಿ ಸುಮ್ನೆ ಕೂತಿದೆ, ಅದೇ ಕನ್ನಡ ಹಾಡುಗಳನ್ನು ಲ್ಯಾಪ್‌ಟಾಪಿನಲ್ಲಿ ಕೇಳಲು ಯಾವ ಆ್ಯಪ್ ಹಾಕಲಿ ಎಂದು ಕೇಳಿದ್ದೀರಿ. ಆ ಸೇವೆ ಭಾರತದಲ್ಲಿ 2009ರ ಡಿಸೆಂಬರ್ 31ಕ್ಕೇ ನಿಂತಿತು. ಪೆಟ್ಟಿಗೆ ಇನ್ನು ನೆನಪಿಗಷ್ಟೇ.

ಸಿರಿಯಸ್ ಎಕ್ಸ್‌ಎಮ್ ಎಂಬ ಇನ್ನೊಂದು ಸ್ಯಾಟಲೈಟ್ ರೇಡಿಯೋ ಸೇವೆಯ ಆ್ಯಪ್ ಹಾಕಲು ಹೋಗಬೇಡಿ. ಅದು ಅಮೆರಿಕ, ಕೆನಡಾದವರಿಗೆ. ಅದರ ಡೆಸ್ಕ್‌ಟಾಪ್ ಆ್ಯಪ್ ಕೂಡ ಇಂಟರ್ನೆಟ್ಟಿನಿಂದಲೇ ಹಾಡುತ್ತದೆ, ಉಪಗ್ರಹದಿಂದಲ್ಲ. ಲ್ಯಾಪ್‌ಟಾಪಿಗೆ ಆಂಟೆನಾ ಎಲ್ಲಿದೆ, ಅಲ್ವಾ?

ನಿಮಗೆ ಬೇಕಾದದ್ದು ಕನ್ನಡ ಹಾಡು ತಾನೇ? ನ್ಯೂಸ್‌ಆನ್‌ಏರ್ ವೆಬ್‌ಸೈಟಿನಲ್ಲಿ ಆಕಾಶವಾಣಿಯ ಕನ್ನಡ ಕೇಂದ್ರಗಳು ಪುಕ್ಕಟೆ ಸಿಗುತ್ತವೆ. ಬ್ರೌಸರಿನಲ್ಲೇ ಕೇಳಬಹುದು. ಸ್ಟ್ರೀಮಿನ (ಇಂಟರ್ನೆಟ್ ಪ್ರಸಾರದ) ನೇರ ವಿಳಾಸ ಸಿಕ್ಕರೆ ವಿಎಲ್‌ಸಿ ಎಂಬ ಪ್ಲೇಯರ್ ಇನ್ನೂ ಹಗುರ: ಕಂಟ್ರೋಲ್ ಎನ್ ಒತ್ತಿ, ವಿಳಾಸ ಅಂಟಿಸಿ, ಪ್ಲೇ ಕೊಡಿ. ಆಮೇಲೆ ಕಂಟ್ರೋಲ್ ವೈ ಒತ್ತಿ ಪ್ಲೇಲಿಸ್ಟ್ ಆಗಿ ಡೆಸ್ಕ್‌ಟಾಪಿನಲ್ಲಿ ಉಳಿಸಿಡಿ. ಅಪ್ಪ ಡಬಲ್ ಕ್ಲಿಕ್ ಮಾಡಿದರೆ ಸಾಕು. ಒಂದು ದಿನ ಹಾಡದಿದ್ದರೆ ವಿಳಾಸ ಬದಲಾಗಿರಬಹುದು, ಹೊಸದು ಹಾಕಿ.

ಉಪಗ್ರಹದಿಂದಲೇ ಬೇಕು ಎಂಬ ಹಟವಿದ್ದರೆ ಡಿಡಿ ಫ್ರೀ ಡಿಶ್ ಇದೆ. ಟಿವಿ ಚಾನೆಲ್‌ಗಳ ಜೊತೆ ಆಕಾಶವಾಣಿಯೂ ಬರುತ್ತದೆ, ತಿಂಗಳ ಬಾಡಿಗೆ ಇಲ್ಲ. ಆದರೆ ಟೆರೇಸಿನಲ್ಲಿ ಡಿಶ್ ಕೂರಿಸಲು ಸೊಸೈಟಿ ಸೆಕ್ರೆಟರಿಯನ್ನು ಒಪ್ಪಿಸುವ ಕೆಲಸ ನಿಮ್ಮದು.