‘ಎಲ್ಲಾ ಬರೆದಿಟ್ಟರೆ ನಾನು ಯಾತಕ್ಕೆ ಬೇಕು?’: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಬಂದವರು ಚಳ್ಳಕೆರೆ ಕಡೆಯ, ಮೂವತ್ತು ದಾಟಿದ ವಿವಾಹಿತ ಮಹಿಳೆ. ದಾವಣಗೆರೆಯಲ್ಲಿ ಮನೆ ಮಾಡಿಕೊಂಡು ಸಂಶೋಧನಾ ಯೋಜನೆಯೊಂದರಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದರು. ಬಾವಿಗಳ ನೀರಿನ ಮಟ್ಟದ ಏರಿಳಿತದಿಂದ ಅಂತರ್ಜಲ ಮರುಪೂರಣವನ್ನು, ಎಂದರೆ ನೆಲಕ್ಕಿಳಿದು ಅಂತರ್ಜಲಕ್ಕೆ ಸೇರುವ ನೀರನ್ನು, ಲೆಕ್ಕ ಹಾಕುವ ತಂತ್ರಾಂಶವೊಂದನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಹುತೇಕ ಅವರೊಬ್ಬರೇ ಬರೆದಿದ್ದರು. ಅದು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶವಾದ್ದರಿಂದ ಬೇರೆ ಬೇರೆ ಊರಿನ ಎಂ.ಎಸ್ಸಿ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳೂ ಬಳಸುತ್ತಿದ್ದರು.

ನಿದ್ರೆ ಇಲ್ಲ, ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ, ಮಗುವಿನ ಮೇಲೆ ಸುಮ್ಮಸುಮ್ಮನೆ ಸಿಡುಕುತ್ತೇನೆ ಎಂಬುದು ಅವರು ಹೇಳಿಕೊಂಡ ತೊಂದರೆ. ಇಂಥ ಲಕ್ಷಣಗಳಿಗೆ ದೇಹದ ಕಾರಣವೂ ಇರಬಹುದಾದ್ದರಿಂದ ಮೊದಲು ವೈದ್ಯರಲ್ಲಿ ಥೈರಾಯ್ಡ್ ಮತ್ತು ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆ, ಎರಡೂ ಸರಿಯಿದ್ದವು. ರಾತ್ರಿ ಹೊತ್ತು ತಡೆಯಲಾಗದಷ್ಟು ಕಳವಳವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದೆಂದೂ ತಿಳಿಸಿದೆ. ಈ ವೃತ್ತಿಗೆ ಬರುವ ಮೊದಲು ನಾನು ಕಂಪ್ಯೂಟರ್ ವಿಜ್ಞಾನ ಕಲಿಸುತ್ತಿದ್ದವಳು. ಅವರು ಆಡುವ ಕೆಲಸದ ಮಾತು ನನಗೆ ಹೊಸದಾಗಿರಲಿಲ್ಲ.

ಫೋನನ್ನು ನನ್ನ ಮುಂದೆ ಹಿಡಿದರು. ‘ಅಕ್ಕಾ, ಒಂದು ಸಣ್ಣ ಡೌಟು’ ಎಂದು ಶುರುವಾಗುವ ಸಂದೇಶಗಳೇ ಪರದೆಯ ತುಂಬ. ಇನ್‌ಸ್ಟಾಲ್ ಆಗುತ್ತಿಲ್ಲ, ಎಕ್ಸೆಲ್ ಕಡತವನ್ನು ಓದುತ್ತಿಲ್ಲ, ನಕ್ಷೆ ಖಾಲಿ ಬರುತ್ತಿದೆ. ಕೇಳಿದ್ದನ್ನೇ ಬೇರೆ ಬೇರೆಯವರು ಕೇಳಿದ್ದರು, ಇವರು ಪ್ರತಿಯೊಬ್ಬರಿಗೂ ಹೊಸದಾಗಿ, ಕೆಲವೊಮ್ಮೆ ನಡುರಾತ್ರಿಯಲ್ಲಿ ಉತ್ತರ ಬರೆದಿದ್ದರು. ಅವರನ್ನು ನನ್ನ ಬಳಿಗೆ ತಂದ ಪ್ರಸಂಗ ಮಾತ್ರ ಇವೆಲ್ಲಕ್ಕಿಂತ ದೊಡ್ಡದು. ವಿದ್ಯಾರ್ಥಿನಿಯೊಬ್ಬಳು ಪ್ರಬಂಧ ಸಲ್ಲಿಸುವ ಹೊತ್ತಿಗೆ ಆಕೆಯ ಲೆಕ್ಕದಲ್ಲಿ ಮಳೆಗಾಲದ ಮರುಪೂರಣ 8000 ಮಿಲಿಮೀಟರ್ ಎಂದು ಬಂದಿತ್ತು. ವರ್ಷದ ಮಳೆಯೇ ಸುಮಾರು 600 ಮಿಲಿಮೀಟರ್ ಇರುವ ಚಿತ್ರದುರ್ಗ ಜಿಲ್ಲೆಯ ಬಾವಿಗಳ ಲೆಕ್ಕವದು! ಈ ವಿಧಾನದಲ್ಲಿ ನೀರಿನ ಮಟ್ಟ ಏರಿದ ಎತ್ತರವನ್ನು ಕಲ್ಲುಮಣ್ಣಿನ ಪದರ ಬಿಟ್ಟುಕೊಡಬಲ್ಲ ನೀರಿನ ಪ್ರಮಾಣದಿಂದ ಗುಣಿಸಬೇಕು. ಆ ಪ್ರಮಾಣ ಶೇಕಡಾ 2 ಇದ್ದರೆ 0.02 ಎಂದು ಕೊಡಬೇಕಿತ್ತು. ಆಕೆ 2 ಎಂದೇ ಕೊಟ್ಟಿದ್ದಳು. ನಾಲ್ಕು ಮೀಟರ್ ಏರಿಕೆಗೆ 80 ಮಿಲಿಮೀಟರ್ ಬರಬೇಕಾದಲ್ಲಿ ಅದರ ನೂರು ಪಟ್ಟು ಬಂದಿತ್ತು. ಮಾರ್ಗದರ್ಶಕರ ಕಣ್ಣಿಗೆ ಬಿದ್ದು ತಪ್ಪು ಸರಿಹೋಯಿತು. ಆದರೆ ದಶಮಾಂಶದಲ್ಲಿ ಕೊಡಬೇಕೋ ಶೇಕಡಾದಲ್ಲಿ ಕೊಡಬೇಕೋ ಎಂಬುದನ್ನು ಎಲ್ಲಿಯೂ ಬರೆದಿರಲಿಲ್ಲವೆಂಬ ಸಂಗತಿ ಇವರನ್ನು ಹಗಲಿರುಳು ಕೊರೆಯತೊಡಗಿತ್ತು.

ತಂತ್ರಾಂಶಕ್ಕೆ ದಾಖಲೆಯ, ಎಂದರೆ ಬಳಸುವ ಬಗೆಯನ್ನು ತಿಳಿಸುವ ಬರಹಗಳ, ಜಾಲತಾಣ ಇರಲಿಲ್ಲವೆಂದಲ್ಲ. ಪೈಥಾನ್ ಭಾಷೆಯ ಸ್ವಂತ ದಾಖಲೆಗಾಗಿ ರೂಪುಗೊಂಡು 2008ರಲ್ಲಿ ಬಿಡುಗಡೆಯಾದ ಸ್ಫಿಂಕ್ಸ್ ಎಂಬ ಸಾಧನದಿಂದ ಕಟ್ಟಿ, ಇಂಥ ದಾಖಲೆಗಳಿಗೆ ಜಾಲದಲ್ಲಿ ಜಾಗ ಕೊಡುವ ರೀಡ್ ದ ಡಾಕ್ಸ್‌ನಲ್ಲಿ ಇರಿಸಿದ ತಾಣವೇ ಇತ್ತು. ಹಾಗೆ ಹೊಂದಿಸಿಟ್ಟರೆ ಕೋಡಿನೊಳಗಿನ ಟಿಪ್ಪಣಿಗಳನ್ನು ಸ್ಫಿಂಕ್ಸ್ ತಾನಾಗಿ ಎತ್ತಿಕೊಂಡು ಪುಟ ಮಾಡುತ್ತದೆ. ಟಿಪ್ಪಣಿ ಬರೆಯದ ಕಡೆ ಬರೀ ಫಂಕ್ಷನ್ನಿನ (ಒಂದೊಂದು ಕೆಲಸ ಮಾಡುವ ಕೋಡಿನ ತುಣುಕಿನ) ಹೆಸರು ನಿಲ್ಲುತ್ತದೆ. ಇವರ ತಾಣದಲ್ಲಿ ಹೆಚ್ಚಾಗಿದ್ದದ್ದು ಇಂಥ ಹೆಸರುಗಳ ಪಟ್ಟಿ. ಇನ್‌ಸ್ಟಾಲ್ ಮಾಡುವ ಪುಟ ಪೈಥಾನಿನ ಯಾವುದೋ ಹಳೆಯ ಆವೃತ್ತಿಯ ಕಾಲದ್ದು. ತಾನೇ ಬರೆದದ್ದನ್ನು ತಾನೇ ನಂಬದ ಸ್ಥಿತಿಗೆ ಬಂದಿದ್ದ ಅವರು, ಯಾರಾದರೂ ಕೇಳಿದರೆ ತಾಣದ ಕೊಂಡಿ ಕಳಿಸಲು ನಾಚಿಕೊಂಡು ಮತ್ತೆ ಫೋನಿನಲ್ಲೇ ಟೈಪಿಸುತ್ತಿದ್ದರು.

ಸೋಮಾರಿತನ, ಸಮಯದ ಅಭಾವ ಎಂದು ಅವರೇ ತಮ್ಮ ಮೇಲೆ ಹೊರಿಸಿಕೊಂಡ ಕಾರಣಗಳನ್ನು ನಾನು ನಂಬಲಿಲ್ಲ. ನಡುರಾತ್ರಿ ಅಷ್ಟುದ್ದ ಉತ್ತರ ಬರೆಯುವವರು ಅದನ್ನೇ ಒಂದು ಪುಟಕ್ಕೆ ಹಾಕಲಾರರೇ? ಹೀಗೆ ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ‘ಎಲ್ಲಾ ಬರೆದಿಟ್ಟುಬಿಟ್ರೆ ಮುಂದಿನ ವರ್ಷ ನನ್ನನ್ಯಾಕ್ ಇಟ್ಕಂತಾರ್ರೀ ಮೇಡಂ?’ ಎಂದರು. ಪ್ರಕರಣದ ಗಂಟು ಇರುವುದು ಇಲ್ಲಿ. ಜನ ತಮ್ಮನ್ನೇ ಕೇಳಬೇಕಾಗಿ ಬಂದಷ್ಟು ದಿನ ತಮ್ಮ ಜಾಗ ಭದ್ರ ಎಂಬ ಲೆಕ್ಕ ಅವರೊಳಗೆ ಮಾತಿಗೆ ಬಾರದೆ ಕುಳಿತಿತ್ತು. ಗುತ್ತಿಗೆಯ ನೌಕರಿಯಲ್ಲಿರುವವರಿಗೆ ಇದು ಹುಚ್ಚು ಭಯವಲ್ಲ. ಅದನ್ನು ಅಲ್ಲಗಳೆದು ಧೈರ್ಯ ಹೇಳುವುದು ಅಪ್ರಾಮಾಣಿಕತೆ ಎಂದೇ ನನ್ನ ತಿಳುವಳಿಕೆ. ಆದರೆ ಫೋನಿನಲ್ಲಿ ಕೊಟ್ಟ ಉತ್ತರ ಯಾರ ವರದಿಯಲ್ಲೂ ಕಾಣಿಸುವುದಿಲ್ಲ, ಯಾವ ಬಯೋಡೇಟಾಕ್ಕೂ ಸೇರುವುದಿಲ್ಲ. ಅವರು ಕಾಯ್ದುಕೊಂಡಿದ್ದ ಜಾಗ ಅವರ ನಿದ್ದೆ ತಿನ್ನುತ್ತಿತ್ತೇ ಹೊರತು ಹೆಸರನ್ನೇನೂ ತಂದುಕೊಟ್ಟಿರಲಿಲ್ಲ.

ಆದ್ದರಿಂದ ಸಲಹೆಯನ್ನು ಹೆಸರಿನ ಕಡೆಯಿಂದಲೇ ಆರಂಭಿಸಿದೆ. ತಂತ್ರಾಂಶದ ಪ್ರತಿ ಬಿಡುಗಡೆಯನ್ನೂ ಝೆನೊಡೋ ಎಂಬ ಸಂಶೋಧನಾ ಭಂಡಾರದಲ್ಲಿ ಇರಿಸಿ, ಉಲ್ಲೇಖಿಸಲು ಬರುವ ಶಾಶ್ವತ ಗುರುತಾದ ಡಿಒಐ ಸಂಖ್ಯೆ ಪಡೆಯುವುದು, ಹೇಗೆ ಉಲ್ಲೇಖಿಸಬೇಕೆಂಬ ಪುಟವನ್ನು ತಮ್ಮ ಹೆಸರಿನೊಡನೆ ತಾಣದಲ್ಲಿ ಹಾಕುವುದು, ಬಳಿಕ ಜರ್ನಲ್ ಆಫ್ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೆ ಲೇಖನ ಕಳಿಸುವುದು. 2016ರಲ್ಲಿ ಆರಂಭವಾದ ಆ ಪತ್ರಿಕೆ ಲೇಖಕರಿಂದ ಶುಲ್ಕ ಕೇಳುವುದಿಲ್ಲ. ಅಲ್ಲಿನ ವಿಮರ್ಶಕರು ಇನ್‌ಸ್ಟಾಲ್ ಸೂಚನೆ, ಬಳಕೆಯ ಉದಾಹರಣೆ, ಕೋಡ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳು ಇವೆಯೇ ಎಂದೂ ನೋಡುತ್ತಾರೆ. ಎಂದರೆ ದಾಖಲೆ ಬರೆದದ್ದು ಅಲ್ಲಿ ಕೆಲಸವೆಂದು ಎಣಿಕೆಗೆ ಬರುತ್ತದೆ. ಗುತ್ತಿಗೆಯ ಮಾತನ್ನು ಯೋಜನೆಯ ಮುಖ್ಯಸ್ಥರೊಡನೆ ನೇರವಾಗಿ ಆಡಬೇಕೆಂದೆ; ತಾಣದ ನಿರ್ವಹಣೆಯನ್ನು ಕರ್ತವ್ಯಪಟ್ಟಿಯಲ್ಲಿ ಲಿಖಿತವಾಗಿ ಸೇರಿಸಲು ಕೇಳಿ, ‘ಸರ್ ಬೇಜಾರು ಮಾಡಿಕೊಳ್ಳುತ್ತಾರೆ’ ಎಂಬ ಅವರ ಊಹೆ ನಿಜವೋ ಅಲ್ಲವೋ ಎಂದು ಆಮೇಲೆ ನೋಡೋಣ ಎಂದೆ.

ಬರವಣಿಗೆಯ ವಿಷಯದಲ್ಲಿ ಇಡೀ ತಾಣವನ್ನು ಒಂದೇ ಉಸಿರಿಗೆ ಸರಿಪಡಿಸುವ ಅವರ ಹಟವನ್ನು ಬಿಡಿಸಬೇಕಾಯಿತು. ಡ್ಯಾನಿಯೆಲೆ ಪ್ರೊಚಿಡಾ ಎಂಬವರು ದಾಖಲೆಯನ್ನು ಕಲಿಕೆಯ ಪಾಠ, ಕೆಲಸದ ಮಾರ್ಗದರ್ಶಿ, ಬೇಕಾದಾಗ ತೆರೆದು ನೋಡುವ ಪರಾಮರ್ಶೆ, ವಿವರಣೆ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಇವರ ತಾಣದಲ್ಲಿದ್ದದ್ದು ಮೂರನೆಯದರ ಅರ್ಧ. ಫೋನಿಗೆ ಬರುತ್ತಿದ್ದ ಪ್ರಶ್ನೆಗಳು ಬಹುಪಾಲು ಎರಡನೆಯದಕ್ಕೆ ಸೇರಿದವು. ಹೀಗಾಗಿ ನಾವು ಇಟ್ಟುಕೊಂಡ ನಿಯಮ ಇಷ್ಟೇ: ಯಾರೇ ಕೇಳಲಿ, ಉತ್ತರವನ್ನು ಮೊದಲು ತಾಣದ ಪುಟದಲ್ಲಿ ಬರೆದು ನಂತರ ಕೊಂಡಿ ಕಳಿಸುವುದು, ರಾತ್ರಿ ಬಂದ ಪ್ರಶ್ನೆಗೆ ಮರುದಿನ ಕಚೇರಿಯ ವೇಳೆಯಲ್ಲಿ ಉತ್ತರಿಸುವುದು. ಮೊದಲ ಪುಟ ಆ 0.02ರದ್ದೇ ಆಗಲಿ ಎಂದು ಸೂಚಿಸಿದೆ. ಅವರು ಫಂಕ್ಷನ್ನಿನ ಟಿಪ್ಪಣಿಯಲ್ಲಿ ಕೊಡಬೇಕಾದ ಪ್ರತಿಯೊಂದು ಸಂಖ್ಯೆಯ ಮಾನವನ್ನೂ (ಯೂನಿಟ್) ಬರೆದರು, ನಾಲ್ಕು ಮೀಟರಿನ ಉದಾಹರಣೆಯನ್ನು ಉತ್ತರಸಮೇತ ಕೊಟ್ಟರು, ಒಂದಕ್ಕಿಂತ ಹೆಚ್ಚಿನ ಸಂಖ್ಯೆ ಕೊಟ್ಟರೆ ತಂತ್ರಾಂಶವೇ ತಡೆಯುವಂತೆ ಮಾಡಿದರು. ಪೈಥಾನಿನಲ್ಲೇ ಇರುವ ಡಾಕ್‌ಟೆಸ್ಟ್ ಆ ಉದಾಹರಣೆಯನ್ನು ಓಡಿಸಿ ನೋಡುತ್ತದೆ. ಉತ್ತರ ಬದಲಾದರೆ ಪರೀಕ್ಷೆ ವಿಫಲವಾಯಿತೆಂದು ತಿಳಿಸುತ್ತದೆ. ಸತ್ತ ಕೊಂಡಿಗಳನ್ನು ಹುಡುಕುವ ಸೌಲಭ್ಯ ಸ್ಫಿಂಕ್ಸಿನಲ್ಲೇ ಇದೆ. ‘ಎಲ್ಲೋ ಏನೋ ತಪ್ಪಾಗಿದೆ’ ಎಂದು ರಾತ್ರಿ ಎದ್ದು ಕೂರುವವರಿಗೆ, ಕಾಯುವ ಕೆಲಸದ ಒಂದು ಪಾಲನ್ನು ಯಂತ್ರಕ್ಕೆ ವಹಿಸಬಹುದೆಂಬುದು ನಾನು ಹೇಳಿಕೊಟ್ಟ ಉಸಿರಾಟದ ಅಭ್ಯಾಸಕ್ಕಿಂತ ಹೆಚ್ಚು ಹಿಡಿಸಿತು ಎಂಬುದನ್ನು ಒಪ್ಪಿಕೊಳ್ಳಬೇಕು.

ನಿರ್ವಹಿಸಲಾಗದ ಪುಟಗಳನ್ನು ತೆಗೆದುಹಾಕಿ ಎಂಬ ಸಲಹೆಗೆ ಮಾತ್ರ ಅವರು ಸುಲಭವಾಗಿ ಒಪ್ಪಲಿಲ್ಲ. ಕಷ್ಟಪಟ್ಟು ಬರೆದದ್ದೆಂಬ ಮೋಹ ಸಹಜವೇ. ಹಳೆಯ ಆವೃತ್ತಿಯ ದಾಖಲೆಯನ್ನು ರೀಡ್ ದ ಡಾಕ್ಸ್ ಬೇರೆಯಾಗಿ ಉಳಿಸಿಕೊಳ್ಳಬಲ್ಲದು ಎಂದು ನೆನಪಿಸಿದ ಮೇಲೆ ಕೆಲವನ್ನು ತೆಗೆದರು, ಕೆಲವನ್ನು ಇಟ್ಟುಕೊಂಡಿದ್ದಾರೆ.

ಈಗ ನಿದ್ದೆ ಸುಧಾರಿಸಿದೆ. ಫೋನನ್ನು ರಾತ್ರಿ ಅಡುಗೆಮನೆಯಲ್ಲಿಟ್ಟು ಮಲಗುತ್ತಾರೆ. ಪ್ರಬಂಧದ ವಿದ್ಯಾರ್ಥಿನಿಯೇ ಇನ್‌ಸ್ಟಾಲ್ ಪುಟವನ್ನು ತಿದ್ದಿ ಕಳಿಸಿದ್ದಾಳೆ, ಕೊಡುಗೆದಾರರ ಪಟ್ಟಿಯಲ್ಲಿ ಆಕೆಯ ಹೆಸರನ್ನೂ ಸೇರಿಸಲಾಗಿದೆ. ಮುಖ್ಯಸ್ಥರು ಲೇಖನಕ್ಕೆ ಒಪ್ಪಿ, ಮೊದಲ ಹೆಸರು ಇವರದೇ ಇರಲಿ ಎಂದಿದ್ದಾರೆ. ಗುತ್ತಿಗೆಯ ನವೀಕರಣದ ಬಗ್ಗೆ ಅವರಿನ್ನೂ ಏನನ್ನೂ ಹೇಳಿಲ್ಲ; ಆ ಮಾತನ್ನು ಎತ್ತುವ ಬಗೆಯನ್ನು ಮುಂದಿನ ಭೇಟಿಯಲ್ಲಿ ಅಭ್ಯಾಸ ಮಾಡಲಿದ್ದೇವೆ.