ಪ್ರತಿಕ್ರಿಯೆ: ಜಲವರ್ಣ ಚಿತ್ರಕ್ಕೆ ಹಿಡಿದ ಬೂಷ್ಟು

ಕಾರವಾರದ ಕೋಡಿಬಾಗದ ಹಳೇ ಹಂಚಿನ ಮನೆಯ ಚಿತ್ರ, ಕಲಾವಿದರ ಆರಂಭದ ಕೃತಿ, ಅಂಚಿಗೆ ಬಿಳಿ ಬೂಷ್ಟು, ಆಕಾಶದಲ್ಲಿ ಕಂದು ಚುಕ್ಕೆ. ಒದ್ದೆ ಬಟ್ಟೆಯಲ್ಲಿ ಒರೆಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ನೀರು ಮುಟ್ಟಿಸಬೇಡಿ. ಜಲವರ್ಣವನ್ನು ಕಾಗದಕ್ಕೆ ಹಿಡಿದಿಡುವುದು ಗೋಂದು. ಎಷ್ಟು ವರ್ಷವಾದರೂ ನೀರು ತಾಗಿದರೆ ಅದು ಕರಗುತ್ತದೆ, ಹಂಚಿನ ಕೆಂಪು ಬಣ್ಣ ಚಿತ್ರದ ಸುಣ್ಣದ ಗೋಡೆಗೆ ಇಳಿದುಬಿಡುತ್ತದೆ.

ಮಳೆ ಬಿಟ್ಟ ದಿನ ಚೌಕಟ್ಟು ಬಿಚ್ಚಿ. ಕಾಗದ ಗಾಜಿಗೆ ಅಂಟಿದ್ದರೆ ಎಳೆಯಲೇಬೇಡಿ, ಬಣ್ಣದ ಪದರ ಗಾಜಿನಲ್ಲೇ ಉಳಿದೀತು. ಗಾಜಿನ ಸಮೇತ ಕಾಗದ ಸಂರಕ್ಷಣೆ ಬಲ್ಲವರಿಗೆ ಒಯ್ಯಿರಿ. ಅಂಟಿಲ್ಲವಾದರೆ ನೆರಳಲ್ಲಿ, ಫ್ಯಾನಿನ ಗಾಳಿ ನೇರ ಬಡಿಯದ ಕಡೆ ಒಣಗಲಿ. ಬೂಷ್ಟು ಪುಡಿಪುಡಿಯಾದ ಮೇಲೆ ಮಾಸ್ಕ್ ಹಾಕಿಕೊಂಡು ಮೆತ್ತನೆಯ ಒಣ ಕುಂಚದಿಂದ ಹೊರಕ್ಕೆ ಸರಿಸಿ. ಕುಂಚಕ್ಕೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಕಂದು ಚುಕ್ಕೆ ಇರಲಿ. ಬ್ಲೀಚ್ ಕಾಗದವನ್ನೇ ತಿನ್ನುತ್ತದೆ.

ಮತ್ತೆ ಚೌಕಟ್ಟು ಹಾಕಿಸುವಾಗ ಹಾರ್ಡ್‌ಬೋರ್ಡ್, ಸೆಲ್ಲೋಟೇಪ್ ಬೇಡ. ಆಮ್ಲರಹಿತ ಬೋರ್ಡು ಕೇಳಿ, ಗಾಜಿಗೂ ಚಿತ್ರಕ್ಕೂ 3 ಮಿ.ಮೀ. ಅಂತರ ಬಿಡಿಸಿ. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ, ಚೀರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆ ನೀರು ಕುಡಿಯುತ್ತದೆ. ಒಳಗೋಡೆಯೇ ಸರಿ, ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ. ಕೋಣೆಯ ಗಾಳಿಯ ತೇವಾಂಶ ಶೇ. 65 ದಾಟಿದರೆ ಬೂಷ್ಟು ಮತ್ತೆ ಬರಬಹುದು. ಹಿಂಬದಿಯಲ್ಲಿ ಪೆನ್ಸಿಲ್ ಬರಹವಿದ್ದರೆ ಉಜ್ಜದೆ ಫೋಟೊ ತೆಗೆದಿಡಿ, ಆರಂಭದ ಕೃತಿಗೆ ಅದೇ ದಾಖಲೆ.